ಬಾಣಂತನ ಮುಗಿಸಿ ಒಂದು ದಿನ

ಸೋದರಿಯರೇ, ಮಗಳ ಬಾಣಂತನಕ್ಕೆ ನ್ಯೂಜಿಲೆಂಡಿಗೆ ಹೋಗುವ ತಾಯಂದಿರು ಈಗ ನಮ್ಮಲ್ಲೂ ಇದ್ದಾರೆ. ಅಡುಗೆಮನೆ, ತೊಟ್ಟಿಲು ಅಂತಲೇ ಇದ್ದು ಬಂದುಬಿಡಬೇಡಿ. ಮಗುವಿಗೆ ಮೂರು ತಿಂಗಳು ತುಂಬಲಿ, ಪುಳಿಯೋಗರೆ ಬುತ್ತಿ ಕಟ್ಟಿ, ಅಳಿಯಂದಿರಿಗೆ ಕಾರು ತೆಗೆಯಲು ಹೇಳಿ.

ರೊಟೊರುವಾ ಊರಿನಿಂದ ಸುಮಾರು 30 ಕಿಲೋಮೀಟರಿಗೆ ವೈ-ಒ-ಟಾಪು ಸಿಗುತ್ತದೆ. ಮಾವೊರಿ ಭಾಷೆಯಲ್ಲಿ 'ಪವಿತ್ರ ಜಲ' ಎಂದರ್ಥ. ಬೆಳಿಗ್ಗೆ 10.15ಕ್ಕೆ ಅಲ್ಲಿನ 'ಲೇಡಿ ನಾಕ್ಸ್' ಬುಗ್ಗೆಗೆ ಸೋಪು ಹಾಕುತ್ತಾರೆ, ಬಿಸಿನೀರು ಎತ್ತರಕ್ಕೆ ಚಿಮ್ಮುತ್ತದೆ. ನೂರು ವರ್ಷಕ್ಕೂ ಹಿಂದೆ ಬಟ್ಟೆ ಒಗೆಯಲು ಹೋದ ಕೈದಿಗಳಿಂದ ಬಯಲಾದ ಗುಟ್ಟಂತೆ ಇದು!

'ಷಾಂಪೇನ್ ಕೊಳ'ದ ನೀರು 74 ಡಿಗ್ರಿ ಬಿಸಿ. ಅದು ಹರಿದಲ್ಲೆಲ್ಲ, ನಮ್ಮ ಹಂಡೆಯೊಳಗೆ ಗಡಸು ನೀರಿನ ಕರೆ ಕಟ್ಟುವ ಹಾಗೆ, ಸಿಲಿಕಾ ಪದರಪದರವಾಗಿ ಕೂತು ಮೆಟ್ಟಿಲು ಮೆಟ್ಟಿಲಾಗಿದೆ. ಹಿರಿಯ ಮೊಮ್ಮಕ್ಕಳಿದ್ದರೆ ಕೈ ಬಿಡಬೇಡಿ, ಕಟ್ಟಿದ ದಾರಿ ಬಿಟ್ಟು ಇಳಿಯಬೇಡಿ. ಮೇಲೆ ಗಟ್ಟಿ ಕಂಡರೂ ನೆಲ ತೆಳು, ಕೆಳಗೆ ಕುದಿನೀರು.

ಸಂಜೆಗೆ ಟೌಪೊ ಊರಿನ ಬಳಿ ಹುಕಾ ಜಲಪಾತ. ಸುಮಾರು 100 ಮೀಟರ್ ಅಗಲದ ವೈಕಾಟೊ ನದಿ 15 ಮೀಟರಿನ ಬಂಡೆಸಂದಿಯಲ್ಲಿ ನುಗ್ಗಿ ಧುಮುಕುತ್ತದೆ.

ಮುಂದಿನ ಸಲ ನೋಡೋಣ ಅನ್ನಬೇಡಿ. ದೂರದೇಶದವರೂ ನೋಡಲು ಬರುತ್ತಿದ್ದ ಗುಲಾಬಿ, ಬಿಳಿ ಮೆಟ್ಟಿಲುಗಳು ಇದೇ ಸೀಮೆಯಲ್ಲಿದ್ದವು. 1886ರ ಜೂನ್ 10ರ ಬೆಳಗಿನ ಜಾವ ತರವೆರಾ ಬೆಟ್ಟ ಸಿಡಿಯಿತು, ಅವು ಕಣ್ಮರೆಯಾದವು. ಅಡುಗೆ ಕೆಲಸ ನಾಳೆಗೂ ಇರುತ್ತೆ ಕಣ್ರೀ!