‘ವಯಸ್ಸಾಯ್ತು’ ಎಂಬುದು ರೋಗದ ಹೆಸರೇ?

“ವಯಸ್ಸಾಗೇದ, ಬಿ.ಪಿ.ಯಿಂದ ಹೃದಯ ದಪ್ಪ ಆಗೇದ.” ನಮ್ಮ ಗುರುಗುಂಟಾದ ಹಿರಿಯರು ಎಕೋ ಮಾಡಿಸಿಕೊಂಡು ಬಂದಾಗ ಹೊತ್ತು ತರುವುದು ಇದೊಂದೇ ಮಾತು. ಈ ಮಾತಿನ ಮೇಲೆ ನನಗೆ ಸಿಟ್ಟಿದೆ. ಬಹುಪಾಲು ಕಾರಣ ಬಿ.ಪಿ.ಯೇ, ಒಪ್ಪುತ್ತೇನೆ. ಆದರೆ ಎಂದೂ ಬಿ.ಪಿ. ಇಲ್ಲದವರ ಹೃದಯದ ಗೋಡೆ ದಪ್ಪಗಿದ್ದರೆ? ವರ್ಷಗಟ್ಟಲೆ ನುಂಗಿದ ಬಿ.ಪಿ. ಮಾತ್ರೆಯೇ ಈಗ ತಲೆ ಸುತ್ತಿಸುತ್ತಿದ್ದರೆ?

ಅಮೈಲಾಯ್ಡೋಸಿಸ್ ಎಂಬ ಕಾಯಿಲೆಯಿದೆ. ಪಿತ್ತಜನಕಾಂಗ ತಯಾರಿಸುವ ಒಂದು ಪ್ರೋಟೀನು ಕೆಟ್ಟು, ಹೃದಯದ ಸ್ನಾಯುವಿನ ಸಂದುಗಳಲ್ಲಿ ಕೂರುತ್ತದೆ. ಅದು ಬೆಳೆದ ಸ್ನಾಯುವಲ್ಲ, ಕೆರೆಗೆ ತುಂಬಿದ ಹೂಳಿನಂಥದು. ಅದಕ್ಕೇ ಎಕೋದಲ್ಲಿ ಗೋಡೆ ದಪ್ಪ, ಇ.ಸಿ.ಜಿ.ಯ ಗೆರೆಗಳು ಮಾತ್ರ ಎಷ್ಟೋ ಸಲ ಗಿಡ್ಡ. ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಲು ಎಷ್ಟು ಹೊತ್ತು ಬೇಕು? ಇನ್ನೊಂದು ಸುಳಿವು ಅಂಗೈಯಲ್ಲೇ ಇದೆ. ಹೃದಯ ಸೋಲುವ ಎಷ್ಟೋ ವರ್ಷ ಮೊದಲೇ ಎರಡೂ ಕೈಬೆರಳು ಜೋಮು ಹಿಡಿಯುವುದುಂಟು. ರೊಟ್ಟಿ ಬಡಿದದ್ದಕ್ಕೆ ಎಂದು ಅದನ್ನೂ ತಳ್ಳಿಹಾಕುತ್ತಾರೆ! ಗಂಡಸರಲ್ಲಿ ಹೆಚ್ಚು ಕಾಣುವ ಕಾಯಿಲೆಯಾದ್ದರಿಂದ ಹೆಂಗಸರನ್ನು ಕೇಳುವವರೇ ಕಡಿಮೆ.

ಮೊದಲು ರಕ್ತ, ಮೂತ್ರದ ಪರೀಕ್ಷೆ. ಮೂಳೆಮಜ್ಜೆಯಿಂದ ಬರುವ ಇನ್ನೊಂದು ಬಗೆಯಿದೆ, ಅದಕ್ಕೆ ತಡಮಾಡುವಂತಿಲ್ಲ. ಅದಲ್ಲವೆಂದಾದರೆ ಮೂಳೆಯ ಸ್ಕ್ಯಾನಿನಲ್ಲಿ ಹೃದಯವೇ ಬೆಳಗಿ ಗುಟ್ಟು ಬಿಡುತ್ತದೆ. ಹೆಚ್ಚಿನವರಿಗೆ ಹೃದಯದ ಚೂರು ತೆಗೆಯಬೇಕಿಲ್ಲ.

“ಗೊತ್ತಾಗಿ ಏನು ಮಾಡೋದ್ರೀ?” ಎನ್ನುತ್ತಾರೆ. 2019ರಲ್ಲಿ ಅಮೆರಿಕ ಒಪ್ಪಿದ ಟಫಾಮಿಡಿಸ್ ಇದೆ. ದುಬಾರಿ, ಸರಿ. ಆದರೆ ವೆರಾಪಮಿಲ್‌ನಂಥ ಮಾತ್ರೆ ಈ ಹೃದಯಕ್ಕೆ ಕೇಡು. ಅದನ್ನು ತಪ್ಪಿಸಲು ದುಡ್ಡು ಬೇಡ, ಹೆಸರು ಗೊತ್ತಿರಬೇಕು. ಅತ್ತೆಯನ್ನು ಲಿಂಗಸುಗೂರಿಗೋ ರಾಯಚೂರಿಗೋ ಕರೆದೊಯ್ದಾಗ ಕೇಳಿ: “ಬಿ.ಪಿ. ಅಲ್ಲದಿದ್ದರೆ ಮತ್ತೇನು, ಡಾಕ್ಟ್ರೇ?”