ಹಾಡು ಬೇಕು, ಗಿಳಿಪಾಠ ಬೇಡ

ಮಹಾರಾಷ್ಟ್ರದಲ್ಲಿ 2000ನೆಯ ಇಸವಿಯಿಂದ ಒಂದನೆಯ ಇಯತ್ತೆಯಲ್ಲಿಯೇ ಇಂಗ್ಲಿಷ್ ಬಂದಿತು. ಕನ್ನಡ ಶಾಲೆಗಳೂ ಅದಕ್ಕೆ ಹೊರತಾಗಲಿಲ್ಲ. ಎಳೆಯ ಮಕ್ಕಳಿಗೆ ಆ ಭಾಷೆಯನ್ನು ಹಾಡಿನ ಮೂಲಕ ಕಲಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಮಾತು ಸರಿಯಾದುದೇ. ಅದು ನಡೆಯುವ ರೀತಿಯನ್ನು ಮಾತ್ರ ನಾವು ಒಪ್ಪಲಾರೆವು.

ಮಂಗಳವೇಢೆಯದು ಮಳೆ ಕಡಿಮೆಯಾದ ಸೀಮೆ. ಕರಿಯ ಎರೆನೆಲ ಹಿಡಿದಿಟ್ಟ ತೇವದ ಮೇಲೆಯೇ ಇಲ್ಲಿಯ ಹಿಂಗಾರಿ ಜೋಳ ತೆನೆಗಟ್ಟಬೇಕು. ಇಂಥ ನೆಲದ ಕೂಸಿಗೆ ಕಲಿಸುವ ಹಾಡಾದರೂ ಯಾವುದು? ಬಂದ ಮಳೆಯನ್ನು ಹೊರಟುಹೋಗೆನ್ನುವ ಇಂಗ್ಲಿಷ್ ಶಿಶುಗೀತ! ಅರ್ಥ ತಿಳಿದಿದ್ದರೆ ರೈತನ ಮಗು ಅದನ್ನು ಹಾಡಲು ಒಪ್ಪುತ್ತಿತ್ತೇ? ಸ್ನೇಹಸಮ್ಮೇಳನದಲ್ಲಿ ಪಾಲಕರು ಚಪ್ಪಾಳೆ ತಟ್ಟುತ್ತಾರೆ. ಮರುದಿನ ಕುಡಿಯಲು ನೀರು ಬೇಕೆಂದು ಇಂಗ್ಲಿಷಿನಲ್ಲಿ ಕೇಳು ಎಂದರೆ ಅದೇ ಮಗು ಬಾಯಿ ತೆರೆಯದು. ಹಾಡು ಬಂದಿತು, ಭಾಷೆ ಬರಲಿಲ್ಲ.

ಹಾಗೆಂದು ಹಾಡನ್ನು ಬಿಡಬೇಕೇ? ಖಂಡಿತ ಬಿಡಬಾರದು. ಹಾಡು ಮಾಡುವ ಕೆಲಸವನ್ನು ವ್ಯಾಕರಣ ಮಾಡಲಾರದು. ನಮ್ಮ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ಆದುದರಿಂದಲೇ 'ಬುಕ್' ನಮ್ಮ ಬಾಯಲ್ಲಿ 'ಬುಕ್ಕು' ಆಗುತ್ತದೆ. ಇಂಗ್ಲಿಷಿನಲ್ಲಿಯಾದರೋ ಒಂದು ಅಕ್ಷರಕ್ಕೆ ಒತ್ತು ಬಿದ್ದು ಉಳಿದವು ಕುಗ್ಗುತ್ತವೆ. 'ಫೋಟೊಗ್ರಾಫ್' ಎನ್ನುವಾಗ ಒತ್ತು ಮೊದಲಕ್ಷರಕ್ಕೆ. 'ಫೊಟಾಗ್ರಫರ್' ಎನ್ನುವಾಗ ಎರಡನೆಯದಕ್ಕೆ. ಇದನ್ನು ಹಲಗೆಯ ಮೇಲೆ ಬರೆದು ತಿಳಿಸುವುದು ಕಷ್ಟ, ತಾಳ ಹಾಕಿ ತಿಳಿಸುವುದು ಸುಲಭ. ಅಮೆರಿಕದ ಶಿಕ್ಷಕಿ ಕ್ಯಾರೊಲಿನ್ ಗ್ರಹಾಂ ಅವರು 1978ರಲ್ಲಿ ಪ್ರಕಟಿಸಿದ 'ಜಾಜ್ ಚಾಂಟ್ಸ್' ಪುಸ್ತಕದಲ್ಲಿ ದಿನಬಳಕೆಯ ಪ್ರಶ್ನೋತ್ತರಗಳನ್ನೇ ಜಾಜ್ ಸಂಗೀತದ ತಾಳಕ್ಕೆ ಕೂಡಿಸಿದರು.

ಜಾಜ್ ಅವರ ನಾಡಿನ ಲಯ. ನಮ್ಮಲ್ಲಿ ಲಯಕ್ಕೇನು ಬಡತನವೇ? ಹಂತಿಯ ಪದದಲ್ಲಿ ಒಬ್ಬನು ಹೇಳಿದರೆ ಉಳಿದವರು ಸೊಲ್ಲೆತ್ತುತ್ತಾರೆ. ಪ್ರಶ್ನೋತ್ತರಕ್ಕೆ ಇದಕ್ಕಿಂತ ಒಳ್ಳೆಯ ಅಚ್ಚು ಇನ್ನಾವುದು? ನಿನ್ನ ಊರಾವುದು, ಹೊಲದಲ್ಲೇನು ಬೆಳೆದಿದೆ ಎಂದು ಗುರುಗಳು ಇಂಗ್ಲಿಷಿನಲ್ಲಿ ಹಾಡಿ ಕೇಳಲಿ. ಮಂಗಳವೇಢೆಯೆಂದೂ ಜೋಳವೆಂದೂ ಮಕ್ಕಳು ಹಾಡಿ ಉತ್ತರಿಸಲಿ. ಮೊದಲು ಕನ್ನಡದಲ್ಲಿ ಅರ್ಥ ತಿಳಿಯಲಿ. ಮಾತಿನ ಒತ್ತು ಬೀಳುವಲ್ಲಿಯೇ ತಾಳವೂ ಬೀಳಲಿ. ಇಲ್ಲವಾದರೆ ಹಾಡೇ ತಪ್ಪು ಉಚ್ಚಾರವನ್ನು ಗಟ್ಟಿಮಾಡೀತು. ಕೊನೆಗೆ ತಾಳವನ್ನು ನಿಲ್ಲಿಸಿ ಅದೇ ಮಾತನ್ನು ಆಡಿಸಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟುದರಿಂದಲೇ ನಮ್ಮ ಹಾಡುಗಳು ಗಿಳಿಪಾಠವಾಗಿವೆ.

ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 1926ರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಪರಭಾಷೆಯ ಕವಿತೆಗಳನ್ನು ಕನ್ನಡದ ಲಯಕ್ಕೆ ಒಗ್ಗಿಸಿ ತಂದರು. ಕನ್ನಡದ ಲಯದಿಂದಲೇ ಇಂಗ್ಲಿಷಿನತ್ತ ನಡೆಯುವುದು ನಮ್ಮ ಪಾಲಿನ ಕೆಲಸ.

ಇಂಗ್ಲಿಷಿನ ಆಸೆಗೆ ಕನ್ನಡ ಶಾಲೆಯನ್ನು ತೊರೆಯುವ ಪಾಲಕರಿಗೆ ಭಾಷಾಭಿಮಾನದ ಉಪದೇಶ ಸಾಲದು. ಕನ್ನಡ ಶಾಲೆಯ ಕೂಸು ಅರ್ಥವರಿತು, ಅಂಜದೆ ನಾಲ್ಕು ಇಂಗ್ಲಿಷ್ ಮಾತನಾಡಿದರೆ ಅದಕ್ಕಿಂತ ಮೇಲಾದ ಉತ್ತರವಿಲ್ಲ. ಗುರುಬಂಧುಗಳೇ, ಹಾಡು ಕಟ್ಟಿರಿ, ಹಾಡಿಸಿರಿ, ಆಮೇಲೆ ಮಾತನಾಡಿಸಿರಿ.