ಓದಿದವರೆಷ್ಟು?

ಯುವಮಿತ್ರರೇ, ಬರೆದದ್ದನ್ನು ಜಾಲದಲ್ಲಿ ಹಾಕಿ, ಕೊಂಡಿಯನ್ನು ಎಲ್ಲರಿಗೂ ಹಂಚಿ, ಮರುಗಳಿಗೆಯಿಂದಲೇ ಅಂಕಿ ನೋಡುತ್ತ ಕೂರುವವರು ನಿಮ್ಮಲ್ಲಿ ಹಲವರು. ಇನ್‌ಸ್ಟಾಗ್ರಾಂನಿಂದ ಬಂದವರು ಹತ್ತು, ವಾಟ್ಸಾಪ್‌ನಿಂದ ಸೊನ್ನೆ ಎಂದು ಕಂಡೊಡನೆ ‘ನಮ್ಮ ಕನ್ನಡ ಯಾರಿಗೆ ಬೇಕು’ ಎಂದು ಬರೆಯುವುದನ್ನೇ ಬಿಡಬೇಡಿ. ವಾಟ್ಸಾಪ್‌ನಲ್ಲಿ ಕೊಂಡಿ ಒತ್ತಿದವರು ಎಲ್ಲಿಂದ ಬಂದರೆಂಬ ಗುರುತು ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. ಗೂಗಲ್ ಅನಲಿಟಿಕ್ಸ್ ಅಂಥವರನ್ನು ‘ಡೈರೆಕ್ಟ್’ ಖಾತೆಗೆ ತಳ್ಳಿಬಿಡುತ್ತದೆ. ಅಮೆರಿಕದ ಪತ್ರಕರ್ತ ಅಲೆಕ್ಸಿಸ್ ಮ್ಯಾಡ್ರಿಗಲ್ 2012ರಲ್ಲಿ ಇಂಥ ಕಾಣದ ಹಂಚಿಕೆಗೆ ‘ಡಾರ್ಕ್ ಸೋಷಿಯಲ್’ ಎಂದು ಹೆಸರಿಟ್ಟರು. ಹೆಸರೇನೋ ಭಯಂಕರ, ಒಳಗಿರುವವರು ಡೊಂಬಿವಲಿಯ ಚಿಕ್ಕಮ್ಮ, ಹುಬ್ಬಳ್ಳಿಯ ಸೋದರಮಾವ!

ಉಪಾಯವಿದೆ. ಕೊಂಡಿಯ ಬಾಲಕ್ಕೆ ‘ಯುಟಿಎಂ’ ಗುರುತು ಅಂಟಿಸಿ. ಗೂಗಲ್‌ನ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್ ಇದನ್ನು ಪುಕ್ಕಟೆ ಮಾಡಿಕೊಡುತ್ತದೆ. ಮನೆಯವರ ಗುಂಪಿಗೊಂದು ಹೆಸರು, ಕಾಲೇಜಿನ ಗುಂಪಿಗೊಂದು ಹೆಸರು. ಇಂಗ್ಲಿಷಿನ ಸಣ್ಣಕ್ಷರ, ದೊಡ್ಡಕ್ಷರ ಬೆರೆಸಿದಿರೋ, ಒಂದೇ ಗುಂಪು ಎರಡಾಗಿ ಎಣಿಕೆಯಾದೀತು, ಜೋಕೆ.

ಇನ್ನೊಂದು ಮಾತು. ಪುಟದಲ್ಲಿ 10 ಸೆಕೆಂಡು ಮೀರಿ ನಿಂತರೆ ಸಾಕು, ಅನಲಿಟಿಕ್ಸ್ ಅದನ್ನು ‘ಎಂಗೇಜ್ಡ್’ ಭೇಟಿಯೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಕನ್ನಡ ಅಕ್ಷರ ಕೂಡಿಸಿಕೊಂಡು ಓದುವ ನಿಮ್ಮ ತಂಗಿ ಅಷ್ಟರಲ್ಲಿ ತಲೆಬರಹವನ್ನೂ ದಾಟಿರಲಾರಳು.